ಕಿರ್ದಿ ಮೊದಲು, ಖತಾವಣಿ ಆಮೇಲೆ

ಇಂದು ಬೆಳಗಾವಿ ನಗರದ ಒಂದು ಭಾಗವಾಗಿರುವ ಶಹಾಪುರವು 1948ರವರೆಗೆ ಸಾಂಗಲಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ಬೆಳಗಾವಿಯಲ್ಲಿ ಇಂಗ್ಲಿಷರ ದಂಡು. ಇಲ್ಲಿ ಸರಾಫರು, ನೇಕಾರರು, ನೂಲು-ಸೀರೆಗಳ ವ್ಯಾಪಾರಿಗಳು. ಅರಸರ ವಂಶಾವಳಿಯನ್ನು ಇತಿಹಾಸವೆನ್ನುವ ನಾವು ಇಂಥ ಪೇಟೆಗಳ ಲೆಕ್ಕದ ವಹಿಗಳನ್ನು ಆ ಸಾಲಿಗೆ ಸೇರಿಸುವುದು ಕಡಿಮೆ. ಆದರೆ ಬಡವನ ಹೆಸರು ಎಲ್ಲಿಯಾದರೂ ಉಳಿದಿದ್ದರೆ ಅದು ಅಲ್ಲಿಯೇ ಎಂದು ನನಗೆ ತೋರುತ್ತದೆ.

ಪೇಟೆಯ ಲೆಕ್ಕಕ್ಕೆ ಮುಖ್ಯವಾಗಿ ಎರಡು ಪುಸ್ತಕಗಳು. ಒಂದು ಕಿರ್ದಿ, ದಿನದ ಜಮಾ-ಖರ್ಚುಗಳನ್ನು ನಡೆದ ಅನುಕ್ರಮದಲ್ಲಿಯೇ ಒಂದರ ಕೆಳಗೊಂದು ಬರೆಯುವ ವಹಿ. ಇನ್ನೊಂದು ಖತಾವಣಿ, ಅಲ್ಲಿ ಒಬ್ಬೊಬ್ಬನ ಹೆಸರಿಗೆ ಒಂದೊಂದು ಪುಟ. ನೇಕಾರನೊಬ್ಬ ನೂಲಿನ ಸಾಲಕ್ಕೆ ನಾಲ್ಕಾಣೆ ತಂದುಕೊಟ್ಟನೆನ್ನಿ. ಅಷ್ಟಕ್ಕಾಗಿ ದಪ್ಪ ಖತಾವಣಿ ಬಿಚ್ಚಿ, ಅವನ ಪುಟ ಹುಡುಕಿ, ಬಾಕಿ ತೆಗೆಯುತ್ತ ಕುಳಿತರೆ ಹಿಂದೆ ನಿಂತವರ ಗತಿಯೇನು? ದಿವಾಣಜಿ ಕಿರ್ದಿಯಲ್ಲಿ ಒಂದು ಸಾಲು ಬರೆದು ಮುಂದಿನವನನ್ನು ಕರೆಯುವನು. ಗದ್ದಲ ಇಳಿದ ಮೇಲೆ ಒಬ್ಬೊಬ್ಬನ ಹೆಸರಿನ ನಾಲ್ಕಾರು ಸಾಲುಗಳನ್ನು ಕೂಡಿಯೇ ಖತೆಗೆ ಏರಿಸುವನು. ಪುಟ ಹುಡುಕುವ ಶ್ರಮ ನಾಲ್ಕು ಸಲಕ್ಕೆ ಬದಲು ಒಂದೇ ಸಲ.

ಈ ಜಾಣತನ ನಮ್ಮವರದಷ್ಟೇ ಅಲ್ಲ. 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಗ್ರಂಥದಲ್ಲಿ ಲೂಕಾ ಪಾಚೋಲಿ ಎಂಬ ಸನ್ಯಾಸಿ ವರ್ತಕರಿಗೆ ಮೂರು ಪುಸ್ತಕಗಳನ್ನು ವಿಧಿಸಿದ್ದಾನೆ: ಆಗಿಂದಾಗಿನ ಟಿಪ್ಪಣಿಗೊಂದು, ದಿನವಹಿಯೊಂದು, ಖತಾವಣಿಯೊಂದು. ಗಣಕಯಂತ್ರವೂ ಇದೇ ದಾರಿ ಹಿಡಿಯಿತು. ತಿರುಗುವ ತಟ್ಟೆಯ ಮೇಲೆ ಅಲ್ಲೊಂದು ಇಲ್ಲೊಂದು ಬರೆಯುವುದಕ್ಕಿಂತ ಒಂದೇ ಕಡೆ ಸಾಲಾಗಿ ಬರೆಯುವುದು ಬಹಳ ಬೇಗ ಆಗುತ್ತದೆ. ಆದ್ದರಿಂದ ಬದಲಾವಣೆಯನ್ನು ಮೊದಲು ಯಂತ್ರದ ಕಿರ್ದಿಗೆ ಬರೆದು, ಅದರ ಖತಾವಣಿಯನ್ನು ಬಿಡುವಿನಲ್ಲಿ ತಿದ್ದುತ್ತಾರೆ. 1996ರಲ್ಲಿ ಪ್ಯಾಟ್ರಿಕ್ ಓನೀಲ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನದಲ್ಲಿ ಸಣ್ಣ ಸಣ್ಣ ಬದಲಾವಣೆಗಳು ಯಂತ್ರದ ಸ್ಮೃತಿಯಲ್ಲಿ ಕೂಡಿಕೊಂಡು, ಆಮೇಲೆ ಹಿಂಡುಹಿಂಡಾಗಿ ದೊಡ್ಡ ದಾಖಲೆಯಲ್ಲಿ ಬೆರೆಯುತ್ತವೆ.

ಆದರೆ ತ್ವರೆಗೆ ಬೆಲೆಯುಂಟು. ಕಿರ್ದಿಗೂ ಖತಾವಣಿಗೂ ನಡುವಿನ ಹೊತ್ತಿನಲ್ಲಿ ನೇಕಾರನ ಪುಟ ಹಳೆಯ ಬಾಕಿಯನ್ನೇ ತೋರಿಸುತ್ತದೆ. ಕಿರ್ದಿಯಲ್ಲಿ ಸಾಲು ಬಿದ್ದಿದ್ದರೆ ಅದನ್ನು ನಾಳೆಯೂ ತಿದ್ದಬಹುದು. ಅದೇ ಬೀಳದಿದ್ದರೆ ಅವನ ನಾಲ್ಕಾಣೆ ನೀರಿನಲ್ಲಿ ಹೋಯಿತು. 1872ರ ಸಾಕ್ಷ್ಯ ಕಾಯಿದೆಯ 34ನೆಯ ಕಲಮು ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕಗಳನ್ನು ಸಾಕ್ಷ್ಯಕ್ಕೆ ಒಪ್ಪಿಕೊಂಡರೂ, ಅವುಗಳ ಬರಹವೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದೆಂದು ಎಚ್ಚರಿಸಿತ್ತು. ಲೇಖನಿ ಹಿಡಿದವನು ಸಾಹುಕಾರನ ಕಡೆಯವನೆಂಬುದನ್ನು ಕಾನೂನು ಮರೆತಿರಲಿಲ್ಲ.

ಯಂತ್ರವು ಇಂದು ನೂರು ಜನರ ಸಾಲುಗಳನ್ನು ಒಟ್ಟುಗೂಡಿಸಿ ಒಂದೇ ಸಲಕ್ಕೆ ಕಿರ್ದಿಗೆ ಇಳಿಸಬಲ್ಲದು. ಇಳಿಸಲಿ, ಕಾಲ ಉಳಿಯುತ್ತದೆ. ಆದರೆ ಸಾಲು ಇಳಿಯುವ ಮೊದಲೇ ‘ಹಣ ಮುಟ್ಟಿತು’ ಎಂದರೆ, ದೀಪ ಆರಿದ ಗಳಿಗೆಯಲ್ಲಿ ಆ ಮಾತಿಗೆ ಆಧಾರವಿರುವುದಿಲ್ಲ. ಖತಾವಣಿ ತಡವಾಗಬಹುದು, ಕಿರ್ದಿ ತಡವಾಗಬಾರದು. ನಾಲ್ಕಾಣೆ ಕೊಟ್ಟವನಿಗೆ ಅದೊಂದೇ ಆಸರೆ.