ಬಾದಾಮಿಯನ್ನು ಕಾದವರಲ್ಲಿ ಮೊದಲಿಗರಾರು?

ಬಾದಾಮಿ ಚಾಲುಕ್ಯರ ಕೋಟೆ ಕಾದವರಲ್ಲಿ ಶ್ರೇಷ್ಠ ಯಾರೆಂದರೆ ಎಲ್ಲರ ಬಾಯಲ್ಲೂ ಇಮ್ಮಡಿ ಪುಲಕೇಶಿಯ ಹೆಸರೇ. ಉತ್ತರದ ಚಕ್ರವರ್ತಿ ಹರ್ಷನನ್ನು ಅವನು ನರ್ಮದೆಯಲ್ಲಿ ತಡೆದದ್ದಕ್ಕೆ ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಬರೆದ 634ರ ಶಾಸನವೇ ಸಾಕ್ಷಿ. ಅದು ಆಸ್ಥಾನಕವಿಯ ಹೊಗಳಿಕೆ ಎನ್ನಬಹುದು. ಆದರೆ ಹರ್ಷನ ಆಪ್ತನಾಗಿದ್ದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನೂ ಅದನ್ನೇ ಹೇಳಿದ್ದಾನೆ. ಆದರೂ ನನ್ನ ಮತ ಪುಲಕೇಶಿಯ ಮಗ ವಿಕ್ರಮಾದಿತ್ಯನಿಗೆ. ಪುಲಕೇಶಿ ಕಂಚಿಯವರೆಗೆ ನುಗ್ಗಿ ಪಲ್ಲವರನ್ನು ಕೆಣಕಿದ. 642ರ ಹೊತ್ತಿಗೆ ಪಲ್ಲವ ಅರಸ ನರಸಿಂಹವರ್ಮ ಚಾಲುಕ್ಯರ ರಾಜಧಾನಿಯನ್ನೇ ಹಿಡಿದು, ಬಾದಾಮಿಯ ಬಂಡೆಯ ಮೇಲೆ ತನ್ನ ಹೆಸರು ಕೆತ್ತಿಸಿದ. ಆ ಅಕ್ಷರಗಳು ಇಂದಿಗೂ ಅಲ್ಲಿವೆ.

ಸುಮಾರು 655ರಲ್ಲಿ ಬಾದಾಮಿಯನ್ನು ಮರಳಿ ಪಡೆದವನು ವಿಕ್ರಮಾದಿತ್ಯ. ಮುಂದೆ ಪೆರುವಳನಲ್ಲೂರಿನಲ್ಲಿ ಅವನೂ ಪಲ್ಲವರಿಗೆ ಸೋತನಲ್ಲ ಎಂಬ ಆಕ್ಷೇಪ ನಿಜವೇ. ಆದರೆ ಆ ಸೋಲು ನಡೆದದ್ದು ಕಾವೇರಿಯ ಸೀಮೆಯಲ್ಲಿ. ಬಾದಾಮಿ ಇರುವ ಮಲಪ್ರಭೆಯ ನೆಲ ಪಲ್ಲವರ ಕೈಗೆ ಮತ್ತೆ ಸಿಗಲಿಲ್ಲ.