ಬಾಗಿಲಿಗೆ ಕಣ್ಣು ಕೊಟ್ಟ ನರ್ಸ್

ಎಲ್ಲೋ ಕುಳಿತು ಫೋನಿನಲ್ಲೇ ಮನೆಬಾಗಿಲು ನೋಡುವ, ಬೀಗ ತೆಗೆಯುವ ವ್ಯವಸ್ಥೆ ಉಳ್ಳವರ ಸುಖಕ್ಕೆಂದು ಹುಟ್ಟಿದ್ದು ಎಂದೇ ಬಹಳ ಜನ ತಿಳಿದಿದ್ದಾರೆ. ಇತಿಹಾಸ ಬೇರೆಯೇ ಹೇಳುತ್ತದೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಕಪ್ಪುವರ್ಣೀಯ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಷ್ಟೋ ರಾತ್ರಿ ಮನೆಯಲ್ಲಿ ಒಂಟಿಯಾಗಿರಬೇಕಿತ್ತು. ಕರೆದರೆ ಪೊಲೀಸರು ಬೇಗ ಬರುತ್ತಿರಲಿಲ್ಲ. ಎಲೆಕ್ಟ್ರಾನಿಕ್ಸ್ ತಂತ್ರಜ್ಞರಾಗಿದ್ದ ಗಂಡ ಆಲ್ಬರ್ಟ್ ಜೊತೆ ಸೇರಿ ಅವರು ಮನೆ ಕಾಯುವ ವ್ಯವಸ್ಥೆಯೊಂದನ್ನು ರೂಪಿಸಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರಿನಲ್ಲಿ ಅದು ದೊರೆಯಿತು. ಬಾಗಿಲಲ್ಲಿ ಒಂದರ ಕೆಳಗೊಂದು ಕಿಂಡಿ, ಅವುಗಳ ಹಿಂದೆ ಮೇಲಕ್ಕೂ ಕೆಳಕ್ಕೂ ಜಾರುವ ಕ್ಯಾಮೆರಾ: ಬಂದವರು ಉದ್ದನೆಯವರಿರಲಿ, ಮಕ್ಕಳಿರಲಿ, ಮುಖ ಕಾಣಬೇಕು. ಮಲಗುವ ಕೋಣೆಯ ಟಿವಿ ಪರದೆಯಲ್ಲಿ ಚಿತ್ರ, ವಿಚಾರಿಸಲು ಮೈಕು, ನಂಬಬಹುದಾದವರಾದರೆ ಅಲ್ಲಿಂದಲೇ ಬೀಗ ತೆಗೆಯುವ ಗುಂಡಿ, ಅಲ್ಲವಾದರೆ ಎಚ್ಚರಿಕೆಯ ಗಂಟೆ.

ಇದರಲ್ಲಿ ಇಂಟರ್ನೆಟ್ ಎಲ್ಲಿತ್ತು ಎಂದು ಕೇಳಬಹುದು. ಇರಲಿಲ್ಲ, ನಿಜ; ಮೊದಲ ವೆಬ್‌ಕ್ಯಾಮ್ ಎನಿಸಿದ ಕ್ಯಾಮೆರಾ ತೋರಿಸುತ್ತಿದ್ದ, ಕೇಂಬ್ರಿಡ್ಜಿನ ಕಂಪ್ಯೂಟರ್ ಪ್ರಯೋಗಾಲಯದ ಕಾಫಿ ಪಾತ್ರೆಯ ಚಿತ್ರ ವೆಬ್‌ನಲ್ಲಿ ಕಂಡದ್ದೇ 1993ರಲ್ಲಿ. ಆದರೆ ಇಂಟರ್ನೆಟ್ ಹಿಗ್ಗಿಸಿದ್ದು ದೂರವನ್ನು ಮಾತ್ರ. ಮೊದಲು ನೋಡು, ವಿಚಾರಿಸು, ಆಮೇಲೆ ತೆರೆ ಎಂಬ ಕ್ರಮ ಬ್ರೌನ್ ದಂಪತಿಯದೇ. ಬೆಂಗಳೂರಿನಲ್ಲಿರುವ ವಯಸ್ಸಾದ ತಂದೆತಾಯಿಯ ಮನೆಬಾಗಿಲನ್ನು ಮಕ್ಕಳು ಅಮೆರಿಕದಿಂದ ಕಾಯುವುದೂ ಅದೇ ಕ್ರಮದಲ್ಲಿ. ನಿಜವಾದ ವ್ಯತ್ಯಾಸ ಬೇರೆಡೆ ಇದೆ: ಬ್ರೌನ್ ದಂಪತಿಯ ಪರದೆ ಮನೆಯೊಳಗಿತ್ತು, ತೀರ್ಮಾನ ಒಳಗಿದ್ದವರದಾಗಿತ್ತು. ಇಂದು ಅದೇ ಚಿತ್ರ ಅನೇಕ ಸಲ ಕಂಪನಿಯೊಂದರ ಸರ್ವರ್ ಹಾದು ಬರುತ್ತದೆ. ಈ ಒಂದು ವಿಷಯದಲ್ಲಿ ಹಳೆಯ ವಿನ್ಯಾಸವೇ ಮೇಲು. ಕ್ಯಾಮೆರಾ ಕೊಳ್ಳುವ ಮುನ್ನ, ಚಿತ್ರ ಎಲ್ಲಿ ಉಳಿಯುತ್ತದೆ, ಯಾರು ನೋಡಬಹುದು ಎಂದು ಅಂಗಡಿಯವರನ್ನು ಕೇಳಿ.