ಬೆಳಕುಳ್ಳ ಇ-ರೀಡರ್ ಮತ್ತು ಕಣ್ಣಿನ ಹಿತ

ಇ-ರೀಡರ್ ಹಿಡಿದಾಗ ಕಣ್ಣು ದಣಿದರೆ ದೂರು ಮೊದಲು ದೀಪದ ಮೇಲೆಯೇ. ಆದರೆ ಇ-ಇಂಕ್ ಸಾಧನದಲ್ಲಿ ಅಂಚಿನ ಪುಟ್ಟ ಎಲ್‌ಇಡಿಗಳ ಬೆಳಕು ಪರದೆಯ ಮೇಲೆ ಹರಡಿ, ಕಾಗದದಿಂದ ಬಂದಂತೆ ಪ್ರತಿಫಲಿಸುತ್ತದೆ. ಮೊಬೈಲಿನಂತೆ ನೇರ ಕಣ್ಣಿಗೆ ಹೊಡೆಯುವುದಿಲ್ಲ. ಕನ್ನಡ ಓದುಗರಿಗೆ ಹೆಚ್ಚಿನ ತೊಂದರೆ ಅಕ್ಷರದ ಗಾತ್ರದ್ದು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ರಾಯದುರ್ಗದಂಥ ಗಡಿ ಊರಿಗೆ ಹಳೆಯ ಕನ್ನಡ ಪುಸ್ತಕ ಸುಲಭವಾಗಿ ತಲುಪುವುದು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ. ಆರು ಇಂಚಿನ ಪರದೆಗೆ ಆ ಪುಟ ಕುಗ್ಗಿದಾಗ ‘ರಾಷ್ಟ್ರ’ದ ಷಕಾರದಡಿಯ ಎರಡೂ ಒತ್ತುಗಳು ಒಂದೇ ಮಸಿಚುಕ್ಕೆಯಾಗುತ್ತವೆ. ಅದನ್ನು ಬಿಡಿಸಲು ಕಣ್ಣು ಕಿರಿದಾಗುತ್ತದೆ, ರೆಪ್ಪೆ ಬಡಿತ ತಗ್ಗುತ್ತದೆ. ಈ ಸೀಮೆಯ ಬೇಸಿಗೆಯ ಒಣಗಾಳಿ, ಮೇಲೆ ತಿರುಗುವ ಫ್ಯಾನು ಉಳಿದ ತೇವವನ್ನೂ ಹೀರುತ್ತವೆ. ಅಕ್ಷರವನ್ನೂ ಸಾಲಿನ ಅಂತರವನ್ನೂ ಹಿಗ್ಗಿಸಬಹುದಾದ ಇಪಬ್ ಪ್ರತಿ ಸಿಕ್ಕರೆ ಅದೇ ದೀಪದಲ್ಲಿ ಓದು ಹಗುರ.

ನೀಲಿ ಬೆಳಕಿನ ಆಕ್ಷೇಪವೂ ಉಂಟು. ಮಲಗುವ ಮುನ್ನ ಬೆಳಕಿನ ಪರದೆ ಓದಿದರೆ ನಿದ್ದೆ ತಡವಾಗುತ್ತದೆಂದು 2014ರ ಅಮೆರಿಕದ ಅಧ್ಯಯನ ತೋರಿಸಿತು ನಿಜ. ಅಲ್ಲಿ ಬಳಸಿದ್ದು ಪೂರ್ಣ ಪ್ರಕಾಶದ ಐಪ್ಯಾಡ್, ಇ-ಇಂಕ್ ಅಲ್ಲ. ನಿದ್ದೆಯ ಏರುಪೇರು ಬೇರೆ, ಕಣ್ಣಿನ ಉರಿ ಬೇರೆ. ಹಾಗೆಂದು ದೀಪ ಪೂರ್ತಿ ನಿರ್ದೋಷಿಯಲ್ಲ: ಕತ್ತಲ ಕೋಣೆಯಲ್ಲಿ ಅದನ್ನು ತುಂಬ ಏರಿಸಿದರೆ ಪುಟವೇ ಕಣ್ಣು ಕುಕ್ಕುತ್ತದೆ. ಸುತ್ತಲಿನ ಬೆಳಕಿಗೆ ಹೊಂದುವಷ್ಟು ಇಳಿಸಿದರೆ ಸಾಕು.